ಅಂಜನಮ್ಮನ ನೋವಿಗೊಂದು ಹೆಸರು

ಸೀರೆಯ ಮರೆಯನ್ನು ಪಿಳ್ಳಪ್ಪ ಒಂದೇ ಎಳೆತಕ್ಕೆ ಕಿತ್ತೆಸೆದ. ಒಳಗೆ ಹೆಣಕ್ಕೆ ನೀರು ಹುಯ್ಯುತ್ತಿದ್ದ ಹೆಂಗಸರು ಚೀರಿಕೊಂಡು ಹಿಂದೆ ಸರಿದರು. ಮಂಗಮ್ಮ ಮಾತ್ರ ಸರಿಯಲಿಲ್ಲ. ಒಂದು ಕೈಯಲ್ಲಿ ಚೆಂಬು ಹಿಡಿದು ಇನ್ನೊಂದು ಕೈಯಿಂದ ಸತ್ತವಳ ಮೈ ತಿಕ್ಕುತ್ತಿದ್ದಳು. ಹೊಟ್ಟೆಯ ಎಡಗಡೆಗೆ ಬಂದಾಗ ಮಾತ್ರ ಕೈ ತಾಗಿಸದೆ, ಮೇಲಿನಿಂದ ನೀರು ಬಿಟ್ಟು ಸುಮ್ಮನಾಗುತ್ತಿದ್ದಳು. ಸತ್ತ ಮೇಲೆ ನೋಯುವುದಿಲ್ಲ ಎನ್ನುವುದು ಆ ಕೈಗೆ ಇನ್ನೂ ಅಭ್ಯಾಸವಾಗಿರಲಿಲ್ಲ.

ಪಿಳ್ಳಪ್ಪ ಅವಳ ತಲೆಗೂದಲಿಗೆ ಕೈ ಹಾಕಿದ.

"ತೆಗಿಯೇ ಮುಂಡೆ ಕೈಯ! ಮದ್ದಿಕ್ಕಿದ ಕೈಯಲ್ಲೇ ನೀರೂ ಹುಯ್ತೀಯಾ?"

ಚೆಂಬು ಉರುಳಿತು. ಅಂಗಳದ ಕೆಸರಿನಲ್ಲಿ ಅವಳನ್ನು ದರದರ ಎಳೆದುಕೊಂಡು ಬಂದು, ಜಗಲಿಯ ಮೇಲೆ ಕೂತಿದ್ದ ಚಿಕ್ಕಬೈರಪ್ಪನ ಕಾಲಬುಡಕ್ಕೆ ಕೆಡವಿದ. ಸತ್ತ ಅಂಜನಮ್ಮ ಈ ಪಿಳ್ಳಪ್ಪನ ಒಬ್ಬಳೇ ತಂಗಿ, ಚಿಕ್ಕಬೈರಪ್ಪನ ಹೆಂಡತಿ. ಮಂಗಮ್ಮ ಚಿಕ್ಕಬೈರಪ್ಪನ ಅಣ್ಣನ ಹೆಂಡತಿ. ಆ ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು. ಇಬ್ಬರು ಹೆಂಗಸರೂ ಜರಗನಹಳ್ಳಿಯ ಇದೇ ಮನೆಗೆ ಸೊಸೆಯರಾಗಿ ಬಂದವರು.

"ಏನ್ ಭಾವ, ನನ್ ತಂಗೀನ ತಿಂದೋಳ್ನ ಇನ್ನೂ ಮನೇಲಿ ಇಕ್ಕೊಂಡಿದ್ದೀಯಲ್ಲ, ನೀನೊಬ್ಬ ಗಂಡ್ಸಾ?"

"ನಾನೇನ್ ಮಾಡ್ಲಿ?" ಎಂದ ಚಿಕ್ಕಬೈರಪ್ಪ, ಬೀಡಿಯ ಬೂದಿ ಕೊಡವುತ್ತ. "ದನದ ಕೊಟ್ಟಿಗೇಲಿ ಮಲಗಲಿ ಅಂತ ಹೇಳಿ ಎಷ್ಟೋ ವರ್ಸ ಆಯ್ತು. ಅಡಿಗೆಮನೆ ಹೊಸಲು ತುಳಿಸಿಲ್ಲ."

ಪಿಳ್ಳಪ್ಪ ಮಂಗಮ್ಮನ ಕೆನ್ನೆಗೆ ಹೊಡೆದ. ತುಟಿ ಒಡೆಯಿತು. ನೋಡುತ್ತಿದ್ದವರಲ್ಲಿ ಯಾರೂ ಅಡ್ಡ ಬರಲಿಲ್ಲ. ಮದ್ದಿಕ್ಕಿದವಳಿಗೆ ಬೀಳುವ ಏಟನ್ನು ಯಾರು ತಡೆಯುತ್ತಾರೆ? ತಡೆದವರ ಮನೆಯ ಅನ್ನಕ್ಕೂ ನಾಳೆ ಮದ್ದು ಬೀಳಬಹುದು.

ಮದ್ದೆಂದರೆ ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಗದವರು ಅನ್ನದಲ್ಲಿ ಕಲಸಿ ಕೊಡುವ ನಿಧಾನದ ವಿಷ ಅದು. ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತು ವರ್ಷಗಟ್ಟಲೆ ಮನುಷ್ಯನನ್ನು ತಿನ್ನುತ್ತದೆ, ಡಾಕ್ಟರ ಕಣ್ಣಿಗೆ ಬೀಳುವುದಿಲ್ಲ. ಬೆಂಕಿಗೂ ಅದು ಜಗ್ಗುವುದಿಲ್ಲ, ಮದ್ದಿರುವ ಹೊಟ್ಟೆ ಚಿತೆಯ ಮೇಲೆ ಸುಡದೆ ಹಾಗೇ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಹೇಳುವವರಲ್ಲಿ ಕಣ್ಣಾರೆ ಕಂಡವನು ಒಬ್ಬನೂ ಇರಲಿಲ್ಲ, ಯಾಕೆಂದರೆ ಅವರು ಹೆಣ ಸುಡುವ ಜನವೇ ಅಲ್ಲ. ಅವರಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಹೂಳುವುದು.

"ಸುಡಾನ," ಎಂದ ಪಿಳ್ಳಪ್ಪ.

ಊರ ಹಿರಿಯ ರಾಮಯ್ಯ ತಲೆ ಎತ್ತಿದ. "ಏನಂದೆ?"

"ನನ್ ತಂಗೀನ ಹೂಳಕ್ಕಿಲ್ಲ, ಸುಡ್ಬೇಕು. ಹೊಟ್ಟೆ ಸುಡ್ತದೋ ಇಲ್ವೋ ನೋಡ್ಬೇಕು."

"ನಮ್ಮೋರಲ್ಲಿ ಆ ಪದ್ಧತಿ ಇಲ್ವಲ್ಲೋ. ಗುಣಿ ಬೇರೆ ತೋಡಿ ಆಗೈತೆ."

"ಗುಣಿ ಇರ್ಲಿ, ಬೇಕಾಯ್ತದೆ. ಹೊಟ್ಟೆ ಉಳ್ಕೊಳ್ತು ಅಂದ್ರೆ ಅದ್ರಲ್ಲಿ ಇವಳ್ನ ಇಳಿಸಿ ಮಣ್ ಮುಚ್ತೀನಿ. ತವರಿನೋನು ನಾನು. ನಾನ್ ಒಪ್ದೆ ಹೆಣ ಎತ್ತಿ ನೋಡಾನ!"

ಅದು ನಿಜವೇ. ಹೆಣ್ಣಿನ ಹೆಣವನ್ನು ತವರಿನವರು ಒಪ್ಪದೆ ಎತ್ತುವ ಹಾಗಿಲ್ಲ. ರಾಮಯ್ಯ ಜನರ ಮುಖ ನೋಡಿದ. ಬೇಡ ಎನ್ನುವವರು ಯಾರೂ ಕಾಣಲಿಲ್ಲ. ಸಾವಿನ ಮನೆಗೆ ಬಂದವರ ಕಣ್ಣಲ್ಲಿ ಇರಬಾರದ ಒಂದು ಹುರುಪು ಕಾಣಿಸಿತು. ಕೊನೆಗೆ ಅವನು ಕೆಳಗೆ ಬಿದ್ದಿದ್ದವಳ ಕಡೆ ತಿರುಗಿದ.

"ಏನಮ್ಮಾ ಮಂಗಮ್ಮ, ನಿಂದೇನಾರ ಮಾತೈತಾ?"

ಮಂಗಮ್ಮ ಸೆರಗಿನಿಂದ ಬಾಯಿಯ ರಕ್ತ ಒರೆಸಿಕೊಂಡಳು. "ಅವಳ ತಲೆ ಇನ್ನೂ ಒರ್ಸಿಲ್ಲ. ನೀರ್ ಇಳೀತಾ ಐತೆ," ಎಂದಳು.

*

ಆ ನೋವು ಮೊದಲ ಸಲ ಬಂದದ್ದು ಮದುವೆಯಾದ ಹೊಸದರಲ್ಲಿ, ರಾಗಿ ಕೊಯ್ಲಿನ ದಿನ. ಬಗ್ಗಿದ ಅಂಜನಮ್ಮ ಏಳಲಾರದೆ ಸಾಲಿನ ಮಧ್ಯೆ ಕೂತುಬಿಟ್ಟಳು. ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಕೆಳಗೆ, ಒಳಗಿನಿಂದ ಯಾರೋ ಹಿಂಡುತ್ತಿದ್ದಾರೆ ಎಂದಳು. ಎರಡು ದಿನ ಮಲಗಿ ಎದ್ದಳು. ಆಮೇಲೆ ಅದು ಹೋಗಲೇ ಇಲ್ಲ. ಕೆಲವು ತಿಂಗಳು ಸುಮ್ಮನಿದ್ದು, ಮರೆತಳೋ ಇಲ್ಲವೋ ಎನ್ನುವಷ್ಟರಲ್ಲಿ ಮತ್ತೆ ಬಂದು ಹಿಡಿಯುತ್ತಿತ್ತು.

ಮೊದಲು ಕಷಾಯ ಕುಡಿಸಿದರು. ಆಮೇಲೆ ಬರೆ ಹಾಕಿದರು. ನಾಲ್ಕು ಜನ ಕೈಕಾಲು ಅದುಮಿ ಹಿಡಿದರು, ಒಬ್ಬ ಕಾದ ಕುಡುಗೋಲನ್ನು ನೋವಿದ್ದ ಕಡೆಗೇ ಒತ್ತಿದ. ಅವಳ ಕೂಗಿಗೆ ಕೊಟ್ಟಿಗೆಯ ದನಗಳು ಹಗ್ಗ ಜಗ್ಗಿದವು. ಚರ್ಮದ ಗಾಯ ಮಾಯಿತು. ಅದರ ಕೆಳಗಿನ ನೋವಿಗೆ ಬರೆ ಬಿದ್ದದ್ದೇ ಗೊತ್ತಾಗಲಿಲ್ಲ.

ಚಿಕ್ಕಬೈರಪ್ಪ ಅವಳನ್ನು ಬಸ್ಸು ಹತ್ತಿಸಿ ಪೇಟೆಯ ಆಸ್ಪತ್ರೆಗೂ ಕರೆದುಕೊಂಡು ಹೋದ. ಹೊಟ್ಟೆಯ ಫೋಟೋ ತೆಗೆಸಿದರು. ಎಳೇ ವಯಸ್ಸಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಏನೂ ಇಲ್ಲಮ್ಮ. ಎಲ್ಲಾ ನಾರ್ಮಲ್ ಆಗಿದೆ."

"ಮತ್ತೆ ಈ ನೋವು ಯಾತರದು ಸ್ವಾಮಿ?"

"ನೋವು ನೋವು ಅಂದ್ಕೊಂಡ್ರೆ ನೋವೇ. ಮನಸ್ಸು ಗಟ್ಟಿ ಮಾಡ್ಕೋಬೇಕು." ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ, "ಮಕ್ಕಳಿಲ್ಲ ಅಲ್ವಾ? ಅದೇ ಯೋಚನೆ ಇರಬೇಕು," ಎಂದ.

ಕೆಟ್ಟವನೇನಲ್ಲ ಆ ಡಾಕ್ಟರು. ಹೊರಗೆ ಜನ ಸಾಲುಗಟ್ಟಿ ನಿಂತಿದ್ದರು. ಆದರೆ ಚಿಕ್ಕಬೈರಪ್ಪ ಅವನ ಒಂದೇ ಒಂದು ಮಾತನ್ನು ಮನೆಗೆ ತಂದ. ಕನಕಪುರ ರಸ್ತೆಯಲ್ಲಿ ಬಸ್ಸು ಇಳಿದವನೇ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡ. "ಏನೂ ಇಲ್ವಂತಲ್ಲೇ! ನನ್ ತಾವ ನಾಟ್ಕ ಆಡ್ತೀಯಾ?" ರಸ್ತೆಯಿಂದ ಮನೆಯವರೆಗೂ ಹೊಡೆದುಕೊಂಡು ಬಂದ. ಅಂದಿನಿಂದ ನೋವು ಬಂದು ಅವಳು ಮುದುರಿದಾಗಲೆಲ್ಲ ಅವನ ಕೈ ಏಳುತ್ತಿತ್ತು.

ಹೊಡೆತ ಮುಗಿದ ಮೇಲೆ ಮಂಗಮ್ಮ ಹರಳೆಣ್ಣೆ ಬಿಸಿ ಮಾಡಿ ತಂದು ಪಕ್ಕದಲ್ಲಿ ಕೂರುತ್ತಿದ್ದಳು.

"ಏಟಿನ ನೋವು ವಾಸಿ ಅಕ್ಕ," ಎನ್ನುತ್ತಿದ್ದಳು ಅಂಜನಮ್ಮ. "ಇದು ಬೆನ್ನಿಗೆ ಬಿದ್ದಿದ್ದು, ಇದು ತೋಳಿಗೆ ಬಿದ್ದಿದ್ದು ಅಂತ ಗೊತ್ತಾಯ್ತದೆ. ಹೊಟ್ಟೆ ಒಳಗಿಂದು ಯಾವ್ದು ಅಂತ ಯಾರಾರ ಒಂದ್ ಹೆಸ್ರು ಹೇಳ್ಬುಟ್ರೆ ಸಾಕಾಗಿತ್ತು. ಸಾಯೋ ಕಾಯ್ಲೆ ಅಂದ್ರೂ ಪರವಾಗಿಲ್ಲ."

*

ಚಿತೆ ಕಟ್ಟಲು ಅವರಿಗೆ ಬರಲಿಲ್ಲ. ಬರುವುದಾದರೂ ಹೇಗೆ, ಕಟ್ಟಿದ್ದರೆ ತಾನೆ? ಯಡಿಯೂರಿನ ಕಡೆಯಿಂದ ಗಾಡಿಯಲ್ಲಿ ಸೌದೆ ತರಿಸಿದರು, ಸಾಲದ್ದಕ್ಕೆ ಬದುವಿನ ಹೊಂಗೆ ಮರದ ಹಸಿ ಕೊಂಬೆಗಳನ್ನು ಕಡಿದರು. ಗೋಡೆ ಕಟ್ಟಿದ ಹಾಗೆ ಸಂದಿಲ್ಲದಂತೆ ಒತ್ತೊತ್ತಾಗಿ ಜೋಡಿಸಿದರು. ತೋಡಿದ್ದ ಗುಣಿ ಪಕ್ಕದಲ್ಲೇ ಬಾಯಿ ತೆರೆದುಕೊಂಡಿತ್ತು.

ಮಂಗಮ್ಮನ ಕೈಗಳನ್ನು ದನದ ಹಗ್ಗದಲ್ಲಿ ಬಿಗಿದು ಹೊಂಗೆ ಮರಕ್ಕೆ ಕಟ್ಟಿದ್ದರು. ಹೆಂಗಸರು ಅಲ್ಲಿಗೆ ಬರಬಾರದು ಎಂಬ ಕಟ್ಟಳೆ ಯಾರಿಗೂ ನೆನಪಾಗಲಿಲ್ಲ. ಚಿಕ್ಕಬೈರಪ್ಪ ಒದ್ದೆ ಪಂಚೆಯಲ್ಲಿ ಬೆಂಕಿ ಇಟ್ಟು, ಚಳಿ ಎಂದು ದಪ್ಪ ಕಂಬಳಿ ಸುತ್ತಿಕೊಂಡು ಕೂತ.

ತಲೆಯ ಕಡೆ ಹತ್ತಿಕೊಂಡಿತು. ಕಾಲಿನ ಕಡೆ ಹತ್ತಿಕೊಂಡಿತು. ನಡುವೆ ಬರೀ ಹೊಗೆ. ಹಸಿ ಕೊಂಬೆಗಳು ಸುಂಯ್ ಎಂದು ನೀರು ಬಿಟ್ಟವು. ಮೇಲೆ ಹೊದಿಸಿದ್ದ ತವರಿನ ಸೀರೆ ಉರಿದುಹೋಗಿ ಹೊಟ್ಟೆ ಕಪ್ಪಗೆ ಗಟ್ಟಿಯಾಗಿ ನಿಂತಿತು. ಬದುಕಿದ್ದಾಗ ಯಾರೂ ನೆಟ್ಟಗೆ ನೋಡದ ಆ ಹೊಟ್ಟೆಯನ್ನು ಊರಿಗೆ ಊರೇ ಕಣ್ಣು ಮಿಟುಕಿಸದೆ ನೋಡುತ್ತಿತ್ತು.

"ಉಳ್ಕೊಳ್ತದೆ ಕಣ್ರೋ," ಎಂದ ಯಾರೋ ಒಬ್ಬ.

"ಇನ್ನೊಂದ್ ಚೂರು ತಡೀರಿ," ಎಂದ ರಾಮಯ್ಯ.

ಪಿಳ್ಳಪ್ಪ ಗುಣಿಯ ಅಂಚಿನಲ್ಲಿ ಕೂತಿದ್ದ. ತೊಡೆಯ ಮೇಲೆ ಮಚ್ಚು ಇತ್ತು. ಅವನು ಅಳುತ್ತಿದ್ದ.

*

ಅವನು ಅತ್ತದ್ದು ಅದೇ ಮೊದಲಲ್ಲ. ಮದ್ದು ತೆಗೆಯುವವನ ಹತ್ತಿರ ತಂಗಿಯನ್ನು ಕರೆದುಕೊಂಡು ಹೋದ ದಿನವೂ ಅತ್ತಿದ್ದ. ಅವನು ಒಂದು ತೋಳು ಹಿಡಿದಿದ್ದ, ಚಿಕ್ಕಬೈರಪ್ಪ ಇನ್ನೊಂದು ತೋಳು ಹಿಡಿದಿದ್ದ. ಎಂಥದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದರು. ಹಳದಿ ನೀರಿನ ನಂತರ ರಕ್ತ ಬಂತು, ಮದ್ದು ಬರಲಿಲ್ಲ. ಆಗ ಆ ಮನುಷ್ಯ ಹುಣಸೆ ಬರಲಿನ ಕೋಲು ತೆಗೆದುಕೊಂಡ.

"ಇಕ್ಕಿದೋರ ಹೆಸ್ರು ಹೇಳೋಗಂಟ ಅದು ಮೇಲಕ್ಕೆ ಬರಲ್ಲ. ಹೇಳು, ಯಾರು?"

"ಗೊತ್ತಿಲ್ಲ ಸ್ವಾಮಿ."

ಬೆನ್ನಿಗೆ ಬಿತ್ತು.

"ಯಾರು?"

"ಅಣ್ಣಾ, ಬುಡ್ಸೋ!" ಎಂದಳು ಅವಳು ಪಿಳ್ಳಪ್ಪನ ಕಡೆ ತಿರುಗಿ.

"ಹೇಳ್ಬುಡವ್ವ, ನಿನ್ ಕಾಲ್ಗೆ ಬೀಳ್ತೀನಿ," ಎಂದು ಗೊಳೋ ಎಂದು ಅಳುತ್ತ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದ ಅಣ್ಣ. ತಂಗಿ ಗುಣವಾಗಲಿ ಎನ್ನುವುದೊಂದೇ ಅವನ ಆಸೆ. ಅದರಷ್ಟು ಕ್ರೂರವಾದದ್ದು ಆ ದಿನ ಅಲ್ಲಿ ಬೇರೆ ಇರಲಿಲ್ಲ.

ಕೋಲು ಮುರಿಯಿತು. ಇನ್ನೊಂದು ತಂದರು. ಕೊನೆಗೆ ಅವಳು, "ಮಂಗಕ್ಕ" ಎಂದಳು. ನೋವಿನ ಹೊತ್ತಿನಲ್ಲಿ ಅವಳ ಬಾಯಿಗೆ ಸದಾ ಬರುತ್ತಿದ್ದದ್ದು ಅದೊಂದೇ ಹೆಸರು. ಹೊಡೆತ ನಿಂತಿತು.

ಅಂದು ಸಂಜೆಯೇ ಮಂಗಮ್ಮನ ಚಾಪೆ ಕೊಟ್ಟಿಗೆಗೆ ಬಿತ್ತು. ಚಿಕ್ಕಬೈರಪ್ಪ ಅವಳ ಬೆನ್ನಿನ ಮೇಲೂ ಒಂದು ಕೋಲು ಮುರಿದಿದ್ದ. ಅಂಜನಮ್ಮ ಗೋಡೆ ಹಿಡಿದುಕೊಂಡು, ಕಾಲೆಳೆಯುತ್ತ ಅಲ್ಲಿಗೆ ಬಂದಳು.

"ಅಕ್ಕ, ನಿನ್ ಹೆಸ್ರು ಹೇಳ್ಬುಟ್ಟೆ."

"ಹೇಳಿದ್ ಮ್ಯಾಲೆ ಹೊಡಿಯೋದು ನಿಲ್ಸಿದ್ರಾ?"

"ನಿಲ್ಸಿದ್ರು."

"ಹಂಗಾರೆ ಒಳ್ಳೇದೇ ಆಯ್ತು ಬುಡು."

ಅಂಜನಮ್ಮ ಅವಳ ಮಡಿಲಲ್ಲಿ ತಲೆ ಇಟ್ಟು ಬಿಕ್ಕಿದಳು. "ನಾಳೆ ಹೋಗಿ ಅದು ಸುಳ್ಳು ಅಂತ ಹೇಳ್ಬುಡ್ತೀನಿ ಅಕ್ಕ."

"ಹೇಳ್ಬೇಡ. ಅದು ಸುಳ್ಳು ಅಂದ್ರೆ ನಿನ್ ನೋವೂ ಸುಳ್ಳು ಅಂತಾರೆ. ಸುಮ್ಕಿರು."

ಅಂದಿನಿಂದ, ಅಂಜನಮ್ಮ ಆ ನೋವಿನಲ್ಲೇ ಸಾಯುವ ದಿನದವರೆಗೆ, ಮಂಗಮ್ಮ ಮದ್ದಿಕ್ಕಿದವಳೆಂಬ ಹೆಸರನ್ನು ಹೊತ್ತುಕೊಂಡೇ ಬದುಕಿದಳು. ಅವಳು ಮುಟ್ಟಿದ ಬಿಂದಿಗೆಯನ್ನು ಬೇರೆಯವರು ಮುಟ್ಟುತ್ತಿರಲಿಲ್ಲ. ಮಕ್ಕಳು ಅವಳನ್ನು ಕಂಡರೆ ಓಡುತ್ತಿದ್ದವು. ಆದರೆ ಅಂಜನಮ್ಮ ಮುದುರಿ ಬಿದ್ದಾಗ, ಪಾಪ, ಮದ್ದು ತಿಂದವಳು ಎಂದು ಜನ ಕನಿಕರಪಡತೊಡಗಿದರು. ಗಂಡನ ಕೈಯೂ ತಗ್ಗಿತು.

*

ಹೊತ್ತು ಇಳಿಯಿತು. ತಲೆ ಬೂದಿಯಾಯಿತು, ಕಾಲುಗಳು ಬೂದಿಯಾದವು. ಹೊಟ್ಟೆ ಮಾತ್ರ ಹಾಗೇ ಇತ್ತು.

ಪಿಳ್ಳಪ್ಪ ಎದ್ದ. ಮಚ್ಚಿನಿಂದ ಹಗ್ಗ ಕಡಿದು, ಮಂಗಮ್ಮನ ರಟ್ಟೆ ಹಿಡಿದು ಎಳೆತಂದು ಗುಣಿಗೆ ನೂಕಿದ. ಬಿದ್ದ ಸದ್ದು ಕೇಳಿಸಿತು.

"ಬೊಗಳು! ಮದ್ದಿಕ್ಕಿದ್ದು ನೀನೇ ಅಂತ ಬೊಗಳು!"

ಗುಣಿಯೊಳಗಿಂದ ಮಾತಿಲ್ಲ. ಇಕ್ಕಿದೆ ಎಂದರೆ ಮೈಮೇಲೆ ಮಣ್ಣು, ಇಕ್ಕಲಿಲ್ಲ ಎಂದರೆ ಅಂಜನಮ್ಮ ಸುಳ್ಳಿ. ಪಿಳ್ಳಪ್ಪ ಗುದ್ದಲಿಯಿಂದ ಮಣ್ಣು ತಳ್ಳಿದ. ಅವಳ ತಲೆ, ಹೆಗಲ ಮೇಲೆ ಬಿತ್ತು. ಇನ್ನೊಬ್ಬನೂ ಕೈ ಜೋಡಿಸಿದ. ಮಣ್ಣು ಅವಳ ಸೊಂಟದವರೆಗೆ ಬಂತು.

"ಬೇಡ್ರೋ, ಪಾಪ ಸುತ್ಕೊಳ್ತದೆ, ನಿಲ್ಸ್ರೋ!" ಎಂದು ರಾಮಯ್ಯ ಕೂಗಿದ. ಯಾರೂ ಕೇಳದಿದ್ದಾಗ ದಿಕ್ಕು ತೋಚದೆ ಬಿದಿರು ಗಳ ಹಿಡಿದು ಚಿತೆಯ ನಡುವಿಗೆ ತಿವಿದ. ಒತ್ತಾಗಿದ್ದ ಸೌದೆ ಕುಸಿದು ಗಾಳಿ ನುಗ್ಗಿತು. ಭುಗ್ಗೆಂದು ಆಳೆತ್ತರ ಉರಿ ಎದ್ದಿತು.

ಎಲ್ಲರೂ ನಿಂತು ನೋಡಿದರು. ಹೊಟ್ಟೆ ಹತ್ತಿಕೊಂಡಿತು, ಬಿರಿಯಿತು, ಕರಗಿತು. ಗುದ್ದಲಿಗಳು ನಿಂತವು. ಉರಿ ತಗ್ಗಿದಾಗ ಅಲ್ಲಿ ಕೆಂಡ ಬಿಟ್ಟರೆ ಏನೂ ಇರಲಿಲ್ಲ.

ಪಿಳ್ಳಪ್ಪ ಮಚ್ಚು ಬಿಸಾಡಿ ಗುಣಿಗೆ ಧುಮುಕಿದ. ಕೈಯಿಂದಲೇ ಮಣ್ಣು ಬಗೆದು ಮಂಗಮ್ಮನನ್ನು ಮೇಲೆತ್ತಿದ. "ತಪ್ಪಾಯ್ತು ಕಣವ್ವ, ಇರ್ಲಿಲ್ಲ, ಮದ್ದು ಇರ್ಲಿಲ್ಲ," ಎನ್ನುತ್ತ ಅವಳ ಕಾಲು ಹಿಡಿದ. ಮಂಗಮ್ಮ ಬಾಯಿಗೆ ಹೋದ ಮಣ್ಣನ್ನು ಉಗಿದಳು. ಅವಳ ಜೀವ ಉಳಿದಿತ್ತು, ಹೊತ್ತಿದ್ದ ಕೆಟ್ಟ ಹೆಸರೂ ಕಳೆದಿತ್ತು. ನಾಳೆಯಿಂದ ಅವಳ ಬಿಂದಿಗೆಯನ್ನು ಯಾರು ಬೇಕಾದರೂ ಮುಟ್ಟಬಹುದಿತ್ತು.

ಚಿಕ್ಕಬೈರಪ್ಪ ಕಂಬಳಿಯೊಳಗಿಂದ ಕೈ ಚಾಚಿ, ಒಂದು ಕೊಳ್ಳಿ ಎಳೆದುಕೊಂಡು ಬೀಡಿ ಹಚ್ಚಿದ.

"ನಾನ್ ಅವತ್ತೇ ಹೇಳಿರ್ಲಿಲ್ವಾ?" ಎಂದ ನಿರಾಳವಾಗಿ. "ಡಾಕ್ಟ್ರು ಹೇಳಿದ್ದೇ ನಿಜ. ಒಳಗೆ ಏನೂ ಇರ್ಲಿಲ್ಲ. ಮದ್ದೂ ಇಲ್ಲ, ಕಾಯ್ಲೇನೂ ಇಲ್ಲ. ಜೀವಮಾನ ಪೂರ್ತಿ ನಾಟ್ಕ ಆಡಿದ್ಲು."

"ಹಂಗೇ ಇರ್ಬೇಕು," ಎಂದ ಒಬ್ಬ. ಇನ್ನಿಬ್ಬರು ತಲೆಯಾಡಿಸಿದರು. ಪಿಳ್ಳಪ್ಪನೂ ತಲೆ ತಗ್ಗಿಸಿದ. ಅಷ್ಟು ಜನ ಕಣ್ಣಾರೆ ಕಂಡದ್ದನ್ನು ಅಲ್ಲ ಎನ್ನುವುದು ಹೇಗೆ?

ಮಂಗಮ್ಮ ರಾಮಯ್ಯನ ಕೈಯಿಂದ ಬಿದಿರು ಗಳ ಕಿತ್ತುಕೊಂಡಳು. ಎರಡು ಕೈಯಲ್ಲೂ ಹಿಡಿದು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಚಿಕ್ಕಬೈರಪ್ಪನ ಪಕ್ಕೆಗೆ ಬೀಸಿದಳು. ಕಂಬಳಿಯ ಮೇಲೆ ಧಪ್ಪೆಂದು ಬಿತ್ತು. ಅವನು ಏಳುವಷ್ಟರಲ್ಲಿ ಇನ್ನೊಂದು. ಬಿದ್ದ ಮೇಲೆ ಮತ್ತೊಂದು. ಹಿಡಿಯಲು ಬಂದವರಿಗೆ ಪಿಳ್ಳಪ್ಪ ಅಡ್ಡ ನಿಂತ. ಗಳ ಸೀಳಿದ ಮೇಲೆ ಅವಳು ಅದನ್ನು ಕೆಂಡಕ್ಕೆ ಎಸೆದು, ಚಿತೆಯ ಹತ್ತಿರ ಹೋಗಿ ಕೂತಳು.

ಚಿಕ್ಕಬೈರಪ್ಪ ನೆಲದ ಮೇಲೆ ಮುದುರಿಕೊಂಡಿದ್ದ. ಬಾಯಿ ತೆರೆದಿತ್ತು, ಉಸಿರು ಬರುತ್ತಿರಲಿಲ್ಲ, ಸದ್ದೂ ಬರುತ್ತಿರಲಿಲ್ಲ. ರಾಮಯ್ಯ ಪಕ್ಕದಲ್ಲಿ ಕುಕ್ಕರಿಸಿ, "ಎಲ್ಲಿ ಬಿತ್ತೋ? ಎಲ್ಲಿ ತೋರ್ಸು," ಎಂದ. ಚಿಕ್ಕಬೈರಪ್ಪನ ಬೆರಳು ಪಕ್ಕೆಯ ಮೇಲೆ ಅಲ್ಲಿ ಇಲ್ಲಿ ಹುಡುಕಿ ಒಂದು ಕಡೆ ನಿಂತಿತು. ರಾಮಯ್ಯ ಕಂಬಳಿ ಸರಿಸಿದ, ಮೈಯನ್ನು ಕೆಂಡದ ಬೆಳಕಿಗೆ ತಿರುಗಿಸಿದ. ರಕ್ತವಿಲ್ಲ, ಗಾಯವಿಲ್ಲ. ಗಂಡಸರು ಒಬ್ಬೊಬ್ಬರಾಗಿ ಬಗ್ಗಿ, ಆ ಬೆರಳು ತೋರಿಸುತ್ತಿದ್ದ ಜಾಗವನ್ನು ನೋಡಿದರು.

"ಏನೂ ಕಾಣಿಸ್ತಾ ಇಲ್ವಲ್ಲಪ್ಪ," ಎಂದ ರಾಮಯ್ಯ.