ಸೂಜಿಗೆ ದಾರ ಕಾಣುವಷ್ಟು ಹಗಲು

ಸೀಟು ಹೊಲಿಯುವವನಿಗೆ ಗಡಿಯಾರದ ಹಂಗಿರಲಿಲ್ಲ. ಅಂಗಡಿ ಬಾಗಿಲಲ್ಲಿ ಕೂತು ಬೈಕು, ಆಟೋಗಳ ಸೀಟಿಗೆ ರೆಕ್ಸಿನ್ ಹೊಲಿಯೋದು. ಸೂಜಿಗೆ ದಾರ ಪೋಣಿಸಲಾಗದಷ್ಟು ಮಬ್ಬಾದರೆ ಷಟರ್ ಎಳೆದು ಮನೆಗೆ ನಡೆಯೋದು. ಬಲ್ಬಿನ ಬೆಳಕಲ್ಲಿ ಕರೀ ರೆಕ್ಸಿನ್ ಮೇಲೆ ಕರೀ ದಾರ ಕಾಣಲ್ಲ ಅಂತ ಅವನ ವಾದ.

ಹೆಂಡತಿ ಬೇಕರಿಯ ಕೌಂಟರಿನಲ್ಲಿದ್ದಳು. ಮೊದಲೆಲ್ಲ ಅವನು ಬರುವಷ್ಟರಲ್ಲಿ ಅವಳು ಬಂದು, ಮುಖ ತೊಳೆದು, ಟೀಗೆ ಇಟ್ಟಿರುತ್ತಿದ್ದಳು. ಈಚೆಗೆ ಅವನು ಬಂದು ಕೂತು ಎಷ್ಟು ಹೊತ್ತಾದರೂ ಅವಳ ಸುಳಿವಿಲ್ಲ. ಬೀದಿದೀಪ ಹತ್ತಿಕೊಂಡ ಮೇಲೆ ಬರುತ್ತಾಳೆ, ಕೈಯಲ್ಲಿ ಬನ್ನಿನ ಪೊಟ್ಟಣ, ಬಾಯಲ್ಲೊಂದು ಹಾಡು. ಆ ಹಾಡೇ ಇವನ ಹೊಟ್ಟೆಗೆ ಕಿಚ್ಚು ಹಚ್ಚಿದ್ದು. ಬೇಕರಿಯ ಓವನ್ ಮಾಸ್ಟರ್ ಹಾಡುಗಾರ ಅಂತ ಬೀದಿಗೆಲ್ಲ ಗೊತ್ತಲ್ಲ!

"ಎಲ್ಲಿ ನಿಂತಿದ್ದೆ?"

"ಎಲ್ಲೂ ಇಲ್ಲ. ಸೀದಾ ಬಂದೆ."

"ಸೀದಾ ಬಂದ್ರೆ ಕತ್ತಲಾಗುತ್ತಾ?"

"ಕತ್ತಲನ್ನ ನಾನೇನು ಚೀಲದಲ್ಲಿ ತಂದ್ನಾ?"

ಅವನು ಬನ್ನು ಮುಟ್ಟಲಿಲ್ಲ. "ನಾಳೆಯಿಂದ ಆ ಬೇಕರಿ ಬೇಡ" ಅಂದುಬಿಟ್ಟ.

ಅವಳು ಚೀಲ ಕೆಳಗಿಟ್ಟಳು. "ಹಾಗಾದ್ರೆ ನಾನು ಅಕ್ಕನ ಮನೇಲಿದ್ದು ಅಲ್ಲಿಂದಲೇ ಕೆಲಸಕ್ಕೆ ಹೋಗ್ತೀನಿ. ತಮಾಷೆಗೆ ಹೇಳ್ತಿಲ್ಲ ರೀ."

ಮೂಲೆಯಲ್ಲಿ ರೇಡಿಯೋಗೆ ಕಿವಿ ಕೊಟ್ಟಿದ್ದ ಅವನ ಅಮ್ಮ ಅದರ ಕಿವಿ ಹಿಂಡಿ ಬಾಯಿ ಮುಚ್ಚಿಸಿದಳು. "ಲೋ ಪೆದ್ದಾ, ಇವಳು ಒಳಗೆ ಕಾಲಿಡೋದೂ ವಾರ್ತೆ ಶುರುವಾಗೋದೂ ಒಟ್ಟಿಗೇ. ವರ್ಷವಿಡೀ ಹಾಗೇ. ಅದಕ್ಕೂ ಮೊದಲೇ ಬಂದು ಬೆಕ್ಕಿನ ಹಾಗೆ ಹೊಂಚು ಹಾಕೋದು ನೀನು! ದಿನ ಗಿಡ್ಡ ಆಯ್ತು, ನಿನ್ನ ಅಂಗಡೀನೂ ಗಿಡ್ಡ ಆಯ್ತು."

ಹಗಲು ಏರುಪೇರಾಗೋದೆಲ್ಲ ಹಿಮ ಬೀಳುವ ದೇಶಗಳಲ್ಲಿ ಅಂತ ಅವನು ತಿಳಿದಿದ್ದ. ಬಿಸಿಲಿನ ಸೀಮೆಯಲ್ಲೂ ಅದು ಹಿಗ್ಗುತ್ತೆ, ಕುಗ್ಗುತ್ತೆ. ಆದರೆ ಇಡೀ ವರ್ಷಕ್ಕೆ ಒಂದು ಗಂಟೆಯೋ, ಸ್ವಲ್ಪ ಹೆಚ್ಚೋ. ಅಷ್ಟು ಮೆಲ್ಲಗೆ ಜಾರೋದನ್ನ ಯಾರು ನೋಡ್ತಾರೆ? ಅದೂ ಅನುಮಾನದ ಮೇಲೆ ಕೂತವನು?

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ಹಗಲು ಉದ್ದ ಇದ್ದಾಗ ಇವಳು ಯಾವಾಗ ಬರ್ತಿದ್ಲು ಅಂತ ನೋಡೋಕೆ ನಾನೇ ಇರ್ತಿರ್ಲಿಲ್ವಲ್ಲ!" ಅಂದ.

ಹೆಂಡತಿ ಕೈ ಸೊಂಟಕ್ಕೆ ಹೋಯಿತು. "ಆಗ ಲೇಟಾಗಿ ಬರ್ತಿದ್ದೋರು ನೀವು. ಯಾರ ಸೀಟು ಹೊಲೀತಿದ್ರಿ ಅಂತ ನಾನು ಕೇಳಿದ್ನಾ?"

ಅಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು.

ಮಾರನೆಯ ಸಂಜೆ ಅವನು ದಾರ ಕಾಣುತ್ತಿದ್ದ ಹಾಗೇ ಷಟರ್ ಎಳೆದು ಬೇಕರಿ ಎದುರಿಗೆ ಹೋಗಿ ನಿಂತ. ಓವನ್ ಮಾಸ್ಟರ್ ಒಳಗೆ ಹಾಡುತ್ತಿದ್ದ. ತಗಡು ಉಜ್ಜಿದ ಹಾಗಿತ್ತು ದನಿ. ಇವನಿಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಮಾಸ್ಟರ್ ಏನೋ ಅಂದ, ಇವಳು ಕೌಂಟರಿಗೆ ಒರಗಿ ನಕ್ಕಳು. ಕಣ್ಣಲ್ಲಿ ನೀರು ಬರುವ ನಗು. ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಯಿತೋ! ಹೊತ್ತಿನ ಲೆಕ್ಕವೆಲ್ಲ ಸರಿಹೋದರೂ ಎದೆಯಲ್ಲಿ ಉರಿಯುತ್ತಲೇ ಇತ್ತು.

ಆರಕ್ಕೆ ಸರಿಯಾಗಿ ಅವಳು ಹೊರಬಂದಳು. ಇವನನ್ನು ಕಂಡದ್ದೇ ನಗು ಮಾಯ. "ಕಾವಲಿಗೆ ಬಂದ್ರಾ?"

"ಇಲ್ಲ ಕಣೇ... ಅವನು ಏನಂದ, ಅಷ್ಟು ನಗೋಕೆ?"

"ಹೇಳಿದ್ರೆ ನೀವು ನಗಲ್ಲ."

ಇಬ್ಬರೂ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವನು ಶುರುಮಾಡಿದ: ಒಬ್ಬ ದಪ್ಪನೆಯ ಗಿರಾಕಿ, ಹೊಸ ಸೀಟಿನ ಮೇಲೆ ಕೂತು, ಕುಶನ್ನೇ ಹಾಕಿಲ್ಲ ಅಂತ ಜಗಳಕ್ಕೆ ಬಂದನಂತೆ. ಕಥೆ ಅರ್ಧಕ್ಕೇ ತಡವರಿಸಿತು. ಅವಳು ನಗಲಿಲ್ಲ. "ಆಮೇಲೆ?" ಅಂದಳು, ಅಕ್ಕನ ಮನೆಯ ತಿರುವು ದಾಟುತ್ತಾ.