ಬಾವಿಗೆ ಒಂದು ದಿನದ ರಜೆ

ಕಮರಿಪೇಟೆಯ ಆ ಓಣಿಗೆಲ್ಲ ಇದ್ದದ್ದು ಒಂದೇ ಬಾವಿ. ಅದು ಸಂಗವ್ವನ ಅತ್ತೆ ಶಿವಬಸವ್ವನವರ ಹಿತ್ತಲಲ್ಲಿತ್ತು. ತೀರಿಹೋದ ಗಂಡ ತೋಡಿಸಿದ್ದೆಂದು ಅತ್ತೆಗೆ ಅದರ ಮೇಲೆ ಹೆತ್ತ ಮಗನಿಗಿಂತ ಒಂದು ಗುಲಗಂಜಿ ಹೆಚ್ಚೇ ಜೀವ. ನಮ್ಮ ಬಾವಿ ಬತ್ತಿದ್ದನ್ನು ಕಂಡವರಿಲ್ಲ ಎಂದು ಬಂದವರಿಗೆಲ್ಲ ಹೇಳುವರು. ಕಂಡವಳು ಸಂಗವ್ವ. ಬೇಸಿಗೆಯಲ್ಲಿ ಕೊಡ ತಳದ ಕಲ್ಲಿಗೆ ಬಡಿದು ಠಣ್ ಎನ್ನುತ್ತಿತ್ತು. ರಾಡಿ ನೀರು ಜಗ್ಗಿ ಜಗ್ಗಿ ಅವಳ ಅಂಗೈಯಲ್ಲಿ ಬೊಬ್ಬೆ ಏಳುತ್ತಿದ್ದವು. ಓಣಿಗೊಂದು ನಳ ಬರಲಪ್ಪಾ ಎಂದು ಅವಳು ಶಿವನಿಗೆ ಕೈಮುಗಿಯದ ದಿನವಿರಲಿಲ್ಲ.

ಐವತ್ತೊಂಬತ್ತರ ಬೇಸಿಗೆಯಲ್ಲಿ ಹುಬ್ಬಳ್ಳಿಯ ಬಾವಿಗಳನ್ನು ಅಳೆಯುವ ಕೆಲಸ ಶುರುವಾಯಿತು. ಯಾವ ಬಾವಿಯಲ್ಲಿ ಎಷ್ಟು ನೀರು ಎಂಬುದಕ್ಕೆ ಹಿಂದಿನ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಹೋಗಿ ಅಳೆದದ್ದೇ ಲೆಕ್ಕ, ನೀರು ಕಡಿಮೆ ಕಂಡ ಓಣಿಗೆ ಮೊದಲು ನಳ. ಧಾರವಾಡದ ಮಾಳಮಡ್ಡಿಯಿಂದ ಚನ್ನಯ್ಯ ಎಂಬ ಸರ್ವೇ ಸಾಹೇಬರು ನಾಳೆ ಬರುತ್ತಾರೆಂದು ಸುದ್ದಿ ಬಂತು.

ಕೇಳಿದ್ದೇ ತಡ, ಶಿವಬಸವ್ವನವರು ಬಾವಿಯ ರಾಟೆಯಿಂದ, ಆ ಗಡಗಡಿಯಿಂದ, ಹಗ್ಗ ಬಿಚ್ಚಿ ಒಳಗಿಟ್ಟುಬಿಟ್ಟರು.

“ಇವತ್ತ ಯಾರೂ ಬಾವಿ ಮುಟ್ಟಬ್ಯಾಡ್ರಿ. ಪರಊರಾವ್ರು ನೋಡಾಕ ಬರಾಕತ್ತಾರ. ಅವರ ಮುಂದ ತಳಾ ತೋರಸೂದೇನು?”

ಹೆಣ್ಣು ನೋಡಲು ಬರುವವರಿಗಾಗಿ ಮನೆ ಸಾರಿಸಿದ ಹಾಗೆ! ತಮಾಷೆಯೆಂದರೆ, ನಳ ಬೇಕೆಂದು ಬಾಯಿ ಬಡಿದುಕೊಳ್ಳುತ್ತಿದ್ದ ಹೆಂಗಸರೇ ಇದಕ್ಕೆ ತಲೆಯಾಡಿಸಿದರು. “ಖರೇ ಐತ್ರಿ ಅವ್ವಾರ, ಓಣಿ ಮರ್ಯಾದಿ,” ಎಂದು ಎದುರುಮನೆಯ ಹುಲಿಗೆವ್ವ ಖಾಲಿ ಕೊಡ ಬೋರಲು ಹಾಕಿದಳು.

ಮರುದಿನ ಚನ್ನಯ್ಯನವರು ಬಂದು ಟೇಪು ಇಳಿಬಿಟ್ಟರು. ರಜೆಯ ಮೇಲಿದ್ದ ಬಾವಿಯಲ್ಲಿ ಸೆಲೆ ಒಸರಿ ಒಸರಿ ಎದೆಮಟ್ಟ ತಿಳಿನೀರು ನಿಂತಿತ್ತು.

“ಛಲೋ ನೀರೈತಲ್ರಿ. ಈ ಓಣಿಗೆ ನಳದ ಅವಸರ ಇಲ್ಲ ಬಿಡ್ರಿ,” ಎಂದರು.

ಅತ್ತೆಯ ಮುಖ ಅರಳಿತು. ಸಂಗವ್ವನ ನಳ ಕೈಜಾರುತ್ತಿತ್ತು. ಪರಗಂಡಸಿನ ಮುಂದೆ, ಅದೂ ಅತ್ತೆಯ ಮಾತಿಗೆ ಎದುರಾಗಿ, ಸೊಸೆ ಬಾಯಿಬಿಡುವುದುಂಟೇ? ಅವಳು ಒಳಗಿನಿಂದ ಹಗ್ಗ ತಂದು ಗಡಗಡಿಗೆ ಏರಿಸಿದಳು.

“ಬಂದವ್ರಿಗೆ ಬೆಲ್ಲಾ ನೀರು ಕೊಡಬೇಕಲ್ರಿ ಅತ್ತೀ,” ಎಂದು ಮೆಲ್ಲಗೆ ಹೇಳಿದಳು.

ಅದಕ್ಕೆ ಬೇಡವೆನ್ನಲು ಅತ್ತೆಯಿಂದಲೂ ಆಗಲಿಲ್ಲ. ಗಡಗಡಿ ಕಿರ್ರೆಂದಿತು. ಆ ಸದ್ದು ಕೇಳಿದ್ದೇ, ನಿನ್ನೆಯಿಂದ ನೀರಿಲ್ಲದೆ ಕೂತಿದ್ದ ಓಣಿಯ ಮರ್ಯಾದೆ ಗಾಳಿಗೆ ಹಾರಿಹೋಯಿತು. ಹುಲಿಗೆವ್ವ ಮೊದಲು, ಅವಳ ಬೆನ್ನಿಗೆ ಉಳಿದವರು, ಕೊಡ ಹಿಡಿದು ಹಿತ್ತಲಿಗೆ ನುಗ್ಗಿದರು. ಬಂದವರ ಎದುರೇ ಕೊಡ ತಳಕ್ಕೆ ಬಡಿಯಿತು. ಚನ್ನಯ್ಯನವರು ಬಗ್ಗಿ ನೋಡಿದರು. ನೀರು ಮತ್ತೆ ಎಷ್ಟು ಬೇಗ ಏರುತ್ತದೋ ನೋಡೋಣವೆಂದು ಕಟ್ಟೆಯ ಮೇಲೆ ಕೂತರು. ಮಧ್ಯಾಹ್ನವಾದರೂ ಮೊಣಕಾಲಮಟ್ಟ ಬರಲಿಲ್ಲ.

“ನಿಂತ ನೀರಷ್ಟ ಅಳದ್ರ ಏನೂ ತಿಳಿಯೂದಿಲ್ಲ ನೋಡ್ರಿ. ಇಲ್ಲೆ ಮೊದಲ ನಳ ಬರಬೇಕು,” ಎಂದು ಹೇಳಿ ಹೊರಟರು.

ಅತ್ತೆ ಸೊಸೆಯ ಕಡೆ ತಿರುಗಿದರು. “ನಿಮ್ಮ ಮಾವನ ಹೆಸರು ಮಣ್ಣುಗೂಡಿಸಿದಿ.”

ಅಷ್ಟೇ. ಅಂದಿನಿಂದ ಅವಳೊಡನೆ ಮಾತು ಬಿಟ್ಟರು.

ಮರುವರ್ಷ ನಳ ಬಂತು. ಸಂಗವ್ವನ ಅಂಗೈ ಮೆತ್ತಗಾದವು, ಆದರೆ ಹಿತ್ತಲು ಬಿಕೋ ಎಂದಿತು. ಮುಂಜಾನೆಯ ಗಡಗಡಿಯ ಸದ್ದು, ಹೆಂಗಸರ ಹರಟೆ, ಹುಲಿಗೆವ್ವನ ಗಹಗಹ ನಗು, “ಹಗ್ಗ ಬಿಗಿ ಹಿಡೀ ನಮ್ಮವ್ವಾ” ಎಂದು ಗದರುವ ಅತ್ತೆಯ ದನಿ, ಒಂದೂ ಇಲ್ಲ. ಬೊಬ್ಬೆಗಳನ್ನು ಬಿಟ್ಟರೆ ಅವೇ ಛಲೋ ದಿನಗಳಾಗಿದ್ದವು ಎನಿಸಿ ನಳದ ಮುಂದೆ ಕೂತು ಅತ್ತದ್ದೂ ಉಂಟು. ತಪ್ಪಾಯಿತೆಂದು ಗಂಡನ ಬಾಯಿಂದ ಹೇಳಿಸಿದಳು, ಕಾಲಿಗೂ ಬಿದ್ದಳು. ಅತ್ತೆ ಜಗ್ಗಲಿಲ್ಲ.

ಅದರ ಮುಂದಿನ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಶ್ರಾವಣದ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳಿಗೆ ಹಿತ್ತಲಿನಿಂದ ಕೂಗು ಕೇಳಿಸಿತು.

“ಸಂಗವ್ವಾ, ಲಗೂ ಬಾ ಇಲ್ಲೆ!”

ಹಿಟ್ಟಿನ ಕೈಯಲ್ಲೇ ಓಡಿದಳು. ಅತ್ತೆ ಕಟ್ಟೆಗೆ ಆತು ನಿಂತಿದ್ದರು. ಯಾರೂ ಸೇದದ ಬಾವಿಯಲ್ಲಿ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬಂದಿತ್ತು.

ಅತ್ತೆ ಅವಳ ಹಿಟ್ಟಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಆ ಮಾಳಮಡ್ಡಿ ಸಾಹೇಬಗ ಹೇಳಿ ಕಳಸು,” ಎಂದರು. “ಈಗ ಬಂದು ಅಳೀಲಿ.”