ಹರಕೆಯ ಹೊತ್ತಿನಲ್ಲಿ ಕೊಳ

ಊರ ಹಿರಿಯ ಓರೊಜ್ ಅಜ್ಜ ಹರಸಲು ಕೈಯೆತ್ತಿದನೆಂದರೆ ಮುಗಿಯಿತು, ಕುದುರೆಮರಿ ಹುಟ್ಟಿ, ಬೆಳೆದು, ಪಂದ್ಯ ಗೆದ್ದು ಬರುವಷ್ಟು ಹೊತ್ತು! ಅಷ್ಟೂ ಹೊತ್ತು ಎಲ್ಲರೂ ಅವನತ್ತ ಮುಖ ಮಾಡಿ, ಅಂಗೈ ಬಿಚ್ಚಿ, ತಲೆ ತಗ್ಗಿಸಿ ಕೂರಬೇಕು. ಹರಕೆ ಮುಗಿಸುವ ‘ಓಮಿನ್’ ಎನ್ನುವ ಮೊದಲೇ ಕೈ ಇಳಿಸಿದವಳು ಸೊಸೆಯಾಗಿದ್ದರಂತೂ ಏಳು ಕಣಿವೆಗಳಲ್ಲಿ ಅವಳದೇ ಸುದ್ದಿ.

ಬುರುಲ್ ಕೂಡ ಸೊಸೆಯೇ. ಊರಿನ ಬಿಸಿನೀರ ಕೊಳದ ಕಾವಲುಗಾರ್ತಿ. ಮೀನಿಗೇ ಈಜು ಕಲಿಸಬಲ್ಲವಳು. ಮಾವನ ಅರವತ್ತರ ಔತಣ ಅದೇ ಕೊಳದ ದಂಡೆಯಲ್ಲಿ ನಡೆದಿತ್ತು. ನೀರಲ್ಲಿ ಹನ್ನೊಂದು ಮಕ್ಕಳು, ದಂಡೆಯಲ್ಲಿ ಸಾವಿರ ಜನ. ಹೋಗಲಿ, ನೂರು ಅನ್ನಿ.

“ಅತ್ತೆ, ಮಕ್ಳು ಮೇಲೆ ಬಂದ್ಮೇಲೆ ಅಜ್ಜ ಶುರು ಮಾಡ್ಲಿ.”

“ಇಷ್ಟು ಜನ ಇದೀವಲ್ಲೇ! ಮುಳುಗೋರು ಕೂಗ್ಕೊಳ್ಳಲ್ವಾ?” ಅತ್ತೆ ಶಾರ್ಪಾ ರೇಗಿದಳು.

“ಬಾಯಿ ನೀರೊಳಗಿದ್ರೆ ಹೆಂಗೆ ಕೂಗ್ತಾರೆ?”

“ನಿನ್ನ ಬಾಯಿ ನೀರೊಳಗಿದ್ರೂ ಮುಚ್ಚಲ್ಲ ಬಿಡು! ಈ ಕಡೆ ತಿರುಗು.”

ಅಜ್ಜ ಶುರು ಮಾಡಿಯೇಬಿಟ್ಟ. ನೂರು ತಲೆಗಳು ಒಮ್ಮೆಲೇ ತಗ್ಗಿದವು. ಬುರುಲ್ ಕೈಯೆತ್ತಿದಳು, ಕಣ್ಣು ಮಾತ್ರ ಹಬೆಯ ಕಡೆಗೇ ಇತ್ತು. ಎಣಿಸಿದಳು: ಹನ್ನೊಂದು. ಮತ್ತೆ ಎಣಿಸಿದಳು: ಹತ್ತು.

ಹಿರಿಯರಿಗೆ ಬೆನ್ನು ತಿರುಗಿಸಿ ಎದ್ದಳು. “ಅಯ್ಯೋ, ನಾಚಿಕೆಗೆಟ್ಟೋಳು!” ಎಂದಿತು ಯಾವುದೋ ಬಾಯಿ. ಆಳದ ತುದಿಯಲ್ಲಿ ಪುಟ್ಟ ಮುಖವೊಂದು ಆಕಾಶ ನೋಡುತ್ತಾ ಮೇಲೆ ಬಂದಿತು. ಎರಡು ಕೈಗಳು ಏಣಿ ಹತ್ತುವಂತೆ ನೀರನ್ನು ಒತ್ತಿದವು. ಚಿಟಿಕೆಯಷ್ಟೂ ಸದ್ದಿಲ್ಲ. ಮುಖ ಇಳಿದುಹೋಯಿತು.

ಮಖಮಲ್ ಉಡುಪಿನಲ್ಲೇ ಬುರುಲ್ ಧುಮುಕಿದಳು. ಎತ್ತಿ ತಂದದ್ದು ಶಾರ್ಪಾಳ ಮೊಮ್ಮಗಳನ್ನು, ಆರು ವರ್ಷದ ಐಜಾನಳನ್ನು. ತುಟಿ ನೀಲಿ, ಉಸಿರಿಲ್ಲ. ಬುರುಲ್ ಬಾಯಿಗೆ ಬಾಯಿಟ್ಟು ಊದಿದಳು. ಐದನೆಯ ಸಲಕ್ಕೆ ನೀರು ಕಕ್ಕಿ ಮಗು ಕಿರುಚಿತು. ಆಗ ನಿಂತಿತು ಅಜ್ಜನ ಮಾತು. ಶಾರ್ಪಾಳ ಕೈಗಳು ಇನ್ನೂ ಮೇಲೇ ಇದ್ದವು.

“ಅರ್ಧಕ್ಕೆ ಕಡಿದ ಹರಕೆ ಮನೆಗೆ ಕೇಡು. ಮೊದಲಿಂದ ಹೇಳ್ತೀನಿ, ಕೈ ಎತ್ರಪ್ಪಾ,” ಎಂದ ಅಜ್ಜ.

ನೂರು ಜೊತೆ ಕೈಗಳು ಮತ್ತೆ ಎದ್ದವು. ಅತ್ತ ನೀರಲ್ಲೇ ಉಳಿದ ಮಕ್ಕಳು ಆಳದ ಕಡೆಗೆ ಜಾರುತ್ತಿದ್ದರು, ಹಬೆ ದಟ್ಟವಾಗುತ್ತಿತ್ತು. ಐಜಾನಳ ಕೆಮ್ಮು ನಿಲ್ಲದೆ ಬುರುಲ್ ಅವಳನ್ನು ಬಿಟ್ಟೇಳುವಂತಿರಲಿಲ್ಲ.

“ಅತ್ತೆ...” ಎಂದಳು.

ಶಾರ್ಪಾ ಕೈ ಇಳಿಸಿದಳು. ಅಜ್ಜನಿಗೆ ಬೆನ್ನು ಹಾಕಿ, ಹಬೆಯೊಳಗೆ ಕಣ್ಣು ಕಿರಿದು ಮಾಡಿ, ಒಂದೊಂದೇ ತಲೆ ಎಣಿಸತೊಡಗಿದಳು.